ಡಬ್ಬಿಯೊಳಗಿನ ಮಳೆ, ಟೆರೇಸಿನ ಹಪ್ಪಳ

ಹಾರ್ಡ್‌ಡಿಸ್ಕ್ ಕೈಜಾರಿ ಬೀಳಬಹುದಿತ್ತು. ಕೆಲಸ ಅರ್ಧಕ್ಕೆ ಬಂದಾಗ ಕರೆಂಟು ಹೋಗಿ, ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕಿಸಲು ಮರೆತದ್ದು ಆಗಲೇ ನೆನಪಾಗಬಹುದಿತ್ತು. ಲ್ಯಾಪ್‌ಟಾಪು ಬಿಸಿಯೇರಿ ಸುಟ್ಟುಹೋಗಬಹುದಿತ್ತು. ಅಕ್ಷಾಂಶ ರೇಖಾಂಶ ಅದಲುಬದಲಾಗಿ, ಕೊಪ್ಪದ ಮಳೆಯೆಂದುಕೊಂಡು ನಾನು ಯಾವುದೋ ಸಮುದ್ರದ ನಡುವಿನ ಮಳೆಯನ್ನು ಕತ್ತರಿಸಿ ತರಬಹುದಿತ್ತು. ದಾಖಲೆಯ ಗಡಿಯಾರ ಲಂಡನ್ನಿನದು; ಐದೂವರೆ ಗಂಟೆ ಕೂಡಿಸಲು ಮರೆತರೆ ಸಂಜೆಯ ಗುಡುಗು ಬೆಳಗಿನ ತಿಂಡಿಯ ಹಿಂದೆಯೇ ಬಂದು ಕೂರಬಹುದಿತ್ತು. ಮರದಲ್ಲಿದ್ದ ಹಲಸಿನಕಾಯಿ ನನ್ನನ್ನು ಕಾದು ಕಾದು ಹಣ್ಣಾಗಬಹುದಿತ್ತು. ಮಂಗಗಳ ಹಿಂಡು ಟೆರೇಸಿಗೆ ಇಳಿಯಬಹುದಿತ್ತು. ಶೃಂಗೇರಿಯ ಅಂಗಡಿಯವರ ಮನಸ್ಸು ಬದಲಾಗಬಹುದಿತ್ತು. ಬಸ್ಸಿನಲ್ಲಿ ಹಪ್ಪಳದ ಕಟ್ಟಿನ ಮೇಲೆ ಯಾರಾದರೂ ಗೊಬ್ಬರದ ಚೀಲ ಇಡಬಹುದಿತ್ತು. ಮತ್ತು, ಎಲ್ಲಕ್ಕಿಂತ ಮೊದಲು ಹೇಳಬೇಕಾಗಿದ್ದದ್ದು, ಮಳೆ ಬರಬಹುದಿತ್ತು.

ಇಷ್ಟನ್ನೂ ನಾನು ಒಂದೊಂದಾಗಿ, ಬೇಸರವಿಲ್ಲದೆ, ಹಲ್ಲುಜ್ಜುವಾಗಿನಿಂದ ಹಿಡಿದು ಮಲಗುವವರೆಗೆ ಯೋಚಿಸಿದ್ದೆ. ವಯಸ್ಸು ಐವತ್ತರ ಹತ್ತಿರ ಬಂದಿದೆ. ಬೇರೆ ಯಾವ ವಿದ್ಯೆಯೂ ಇಷ್ಟು ಕೈಹಿಡಿದಿಲ್ಲ.

ನನ್ನ ಹೊಟ್ಟೆಪಾಡಿನ ಕೆಲಸವನ್ನು ನೆಂಟರಿಗೆ ತಿಳಿಸಿ ಹೇಳಲು ನನಗೆ ಯಾವತ್ತೂ ಆಗಿಲ್ಲ. ಕೊಪ್ಪದ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಹವಾಮಾನದ ಹಳೆಯ ದಾಖಲೆ ಇಟ್ಟುಕೊಂಡ ಒಂದು ಸಂಸ್ಥೆಗೆ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಡುತ್ತೇನೆ. ಅವರು ಕಳಿಸಿದ ಒಂದು ಹಾರ್ಡ್‌ಡಿಸ್ಕ್ ನನ್ನ ಮೇಜಿನ ಮೇಲಿದೆ. ನೋಡಲು ತಾಂಬೂಲದ ಡಬ್ಬಿಯಷ್ಟು. ಅದರೊಳಗೆ ಹಲವು ದಶಕಗಳ ಮಳೆ ಇದೆ. ಇಡೀ ದೇಶದ ನಕ್ಷೆಯನ್ನು ಚೌಕ ಚೌಕವಾಗಿ ಗೆರೆ ಎಳೆದು, ಒಂದೊಂದು ಚೌಕಕ್ಕೆ ಆ ಒಂದು ಗಂಟೆಯಲ್ಲಿ ಬಿದ್ದ ಮಳೆಯ ಅಂಕಿ ಬರೆದ ಹಾಗೆ. ಅದು ಒಂದು ಹಾಳೆ. ಮುಂದಿನ ಗಂಟೆಗೆ ಅದರ ಮೇಲೆ ಇನ್ನೊಂದು ಹಾಳೆ. ಹೀಗೆ ಹಗಲು ರಾತ್ರಿ, ವರ್ಷಗಟ್ಟಲೆ.

ಅಕ್ಕನಿಗೆ ಇದನ್ನು ಒಮ್ಮೆ ವಿವರಿಸಿದ್ದೆ. ಅವಳು ತಲೆ ಆಡಿಸಿ, "ಅಂದ್ರೆ ಹಪ್ಪಳ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ" ಎಂದಳು. ನನ್ನ ಕೆಲಸದ ಬಗ್ಗೆ ನಮ್ಮ ಮನೆತನದಲ್ಲಿ ಯಾರಾದರೂ ಸರಿಯಾಗಿ ಹೇಳಿದ ಮಾತು ಅದೊಂದೇ. ಆ ಸಂತೋಷದಲ್ಲಿ ನಾನು ಸ್ವಲ್ಪ ಜಾಸ್ತಿ ಜಂಬ ಕೊಚ್ಚಿದ್ದಿರಬೇಕು. ಅದರ ಫಲ ಈ ಬೇಸಿಗೆಯಲ್ಲಿ ಫೋನ್ ಮಾಡಿತು.

ಅಕ್ಕನ ಮನೆ ನರಸಿಂಹರಾಜಪುರದಲ್ಲಿ. ಭಾವ ಮಂಡಿನೋವಿನಿಂದ ಜೀಪು ಓಡಿಸುವುದನ್ನು ಬಿಟ್ಟ ಮೇಲೆ ಅವಳು ಹಲಸಿನಕಾಯಿ ಹಪ್ಪಳ ಮಾಡಿ ಶೃಂಗೇರಿಯ ಒಂದು ಅಂಗಡಿಗೆ ಕೊಡುತ್ತಾಳೆ. ದೇವಸ್ಥಾನಕ್ಕೆ ಬಂದ ಯಾತ್ರಿಕರು ಊರಿಗೆ ಮರಳುವಾಗ ಕೊಂಡೊಯ್ಯುವ ಹಪ್ಪಳ. ಆ ಮನೆಗೆ ಈಗ ಅದೇ ಆಧಾರ. ಹೋದ ವರ್ಷ ಒಣಗಿಸುವಾಗ ಮಧ್ಯಾಹ್ನದ ಮಳೆ ಹೊಯ್ದು, ಹಪ್ಪಳಕ್ಕೆ ಬೂಷ್ಟು ಹಿಡಿದು, ಅಂಗಡಿಯವರು ಕಟ್ಟನ್ನು ಬಂದ ಬಸ್ಸಿನಲ್ಲೇ ವಾಪಸು ಕಳಿಸಿದ್ದರು. "ಈ ವರ್ಷ ಇನ್ನೊಂದು ಸಲ ನೋಡ್ತೀನಿ ಅಕ್ಕಾ. ಮತ್ತೆ ಹಂಗೇ ಆದ್ರೆ ಬೇರೆ ಕಡೆಯಿಂದ ತರಿಸಿಕೊಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದು ಮೊದಲೇ ಹೇಳಿದ್ದರಂತೆ.

"ಎಂತ ಮಾರಾಯ, ನಿನ್ನ ಡಬ್ಬಿ ಒಳಗೆ ಎಲ್ಲಾ ವರ್ಷದ ಮಳೆ ಇದೆ ಅಂತಿದ್ದೆಯಲ್ಲ. ಬಿಡದೆ ಮೂರು ದಿನ ಬಿಸಿಲು ಯಾವಾಗ ಇರುತ್ತೆ ಅಂತ ನೋಡಿ ಹೇಳು" ಎಂದಳು ಅಕ್ಕ.

"ಅಕ್ಕಾ, ಅದರಲ್ಲಿರೋದು ಹೋದ ಮಳೆ. ಬರೋ ಮಳೆ ಅಲ್ಲ."

"ಹೋಗಿದ್ದೇ ಅಲ್ವನಾ ತಿರುಗಿ ಬರೋದು?"

"ಫೋನಲ್ಲಿ ಹವಾಮಾನ ತೋರಿಸ್ತದಲ್ಲ, ಅದನ್ನ ನೋಡಬಹುದಲ್ಲ?"

"ಆ ಫೋನಿನವ ದಿನಾ ಒಂದು ಮೋಡ, ಅದರ ಕೆಳಗೊಂದು ಮಿಂಚು ತೋರಿಸ್ತಾನೆ. ಬಂದ್ರೂ ಅವನೇ ಸರಿ, ಬರದಿದ್ರೂ ಅವನೇ ಸರಿ. ನೀನಾದ್ರೆ ಬಯ್ಯಕ್ಕಾದ್ರೂ ಸಿಗ್ತೀಯ."

ಕಾಯಿ ಬಲಿತು ನಿಂತಿತ್ತು. ಇನ್ನು ಕಾದರೆ ಹಣ್ಣಾಗುತ್ತದೆ, ಹಣ್ಣಿನಿಂದ ಆ ಹಪ್ಪಳ ಆಗುವುದಿಲ್ಲ. ಅಕ್ಕನ ಜೊತೆ ಹಪ್ಪಳ ಒತ್ತಲು ಬರುವ ಎದುರುಮನೆಯ ಅತ್ತೆ ಸೊಸೆ ಇಬ್ಬರೂ ಕಾಫಿ ತೋಟಕ್ಕೆ ಕೂಲಿಗೆ ಹೋಗುವವರು. ಯಾವ ಮೂರು ದಿನ ಬರುವುದಿಲ್ಲವೆಂದು ತೋಟದಲ್ಲಿ ಹಾಜರಿ ಹಾಕುವ ರೈಟರಿಗೆ ಅವರು ಮುಂಚೆಯೇ ಹೇಳಬೇಕು. ಹೇಳಿ, ಬಂದು, ಮಳೆ ಹೊಯ್ದರೆ ಅವರಿಗೆ ತೋಟದ ಕೂಲಿಯೂ ಇಲ್ಲ, ಹಪ್ಪಳದ್ದೂ ಇಲ್ಲ. ಅಂದರೆ ಎರಡು ಮನೆ ನನ್ನ ಬಾಯಿಂದ ಒಂದು ವಾರದ ಹೆಸರು ಬೀಳುವುದನ್ನು ಕಾಯುತ್ತಿದ್ದವು.

ನನಗೆ ಬೇಕಾಗಿದ್ದದ್ದು ಇಷ್ಟೇ: ಆ ಹಾಳೆಗಳ ರಾಶಿಯಿಂದ ನಮ್ಮ ಮೂರು ತಾಲೂಕುಗಳ ಮೇಲೆ ಬರುವ ಚೌಕಗಳನ್ನು ಮಾತ್ರ, ಯುಗಾದಿಯ ನಂತರದ ವಾರಗಳಷ್ಟನ್ನು ಮಾತ್ರ, ಎಲ್ಲಾ ವರ್ಷಗಳಿಂದಲೂ ಕತ್ತರಿಸಿ ತೆಗೆಯುವುದು. ಪೈಥಾನಿನಲ್ಲಿ ಇದನ್ನು ಸ್ಲೈಸ್ ಮಾಡುವುದು ಎನ್ನುತ್ತೇವೆ. ಎಲ್ಲಿಂದ, ಎಲ್ಲಿಯವರೆಗೆ ಎಂದು ಆವರಣದೊಳಗೆ ಬರೆದರೆ ಅಷ್ಟೇ ತುಂಡು ಡಿಸ್ಕಿನಿಂದ ಎದ್ದು ಕೈಗೆ ಬರುತ್ತದೆ. ಮಿಕ್ಕದ್ದು ಅಲ್ಲೇ ಮಲಗಿರುತ್ತದೆ. ಬರಬೇಕು, ಮಲಗಿರಬೇಕು.

ಮೊದಲ ದಿನ ನಾನು ಗಾಬರಿಯಲ್ಲಿ, ಕತ್ತರಿಸುವ ಸಾಲಿಗಿಂತ ಮೊದಲೇ ಎಲ್ಲವನ್ನೂ ಮೆಮೊರಿಗೆ ತುಂಬಿಕೋ ಎನ್ನುವ ಸಾಲನ್ನು ಬರೆದೆ. ಸಾಮಾನ್ಯವಾಗಿ ನನ್ನ ಫೈಲುಗಳು ಚಿಕ್ಕವು, ಹಾಗೆ ಬರೆದೇ ರೂಢಿ. ಲ್ಯಾಪ್‌ಟಾಪು ವಿಧೇಯವಾಗಿ ತುಂಬಿಕೊಳ್ಳಲು ಹೊರಟಿತು. ಪಾವಿನಲ್ಲಿ ಕೆರೆ ಮೊಗೆಯಲು ಇಳಿದವನ ಹಾಗೆ. ಸ್ವಲ್ಪ ಹೊತ್ತಿಗೆ ಮೌಸಿನ ಬಾಣ ನಿಂತಿತು, ಗಡಿಯಾರ ನಿಂತಿತು, ಆಮೇಲೆ ಫ್ಯಾನು ಮಾತ್ರ ಒಳಗೆ ಕೂತು ಅಳತೊಡಗಿತು. ಗುಂಡಿ ಒತ್ತಿ ಹಿಡಿದು ಆರಿಸಿದೆ. ಡಿಸ್ಕ್ ಸತ್ತಿರಬಹುದೆಂದು ಅದನ್ನು ಕಿವಿಗೆ ಹಿಡಿದು ಕೇಳುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಏನೂ ಕೇಳಲಿಲ್ಲ. ಮದುವೆಯಾಗಿ ಬಹಳ ವರ್ಷವಾಯಿತು.

ಎರಡನೆಯ ದಿನ ಬುದ್ಧಿ ಬಂದು, ಮೊದಲು ಕತ್ತರಿಸಿ ಆಮೇಲೆ ತುಂಬಿಕೊಳ್ಳುವ ಹಾಗೆ ಬರೆದೆ. ದಕ್ಷಿಣದಲ್ಲಿ ಶೃಂಗೇರಿಗಿಂತ ತುಸು ಕೆಳಗಿನಿಂದ, ಉತ್ತರದಲ್ಲಿ ನರಸಿಂಹರಾಜಪುರಕ್ಕಿಂತ ತುಸು ಮೇಲಿನವರೆಗೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ಒಟ್ಟು ಮಳೆ, ಸೊನ್ನೆ. ಎಲ್ಲಾ ವರ್ಷ, ಎಲ್ಲಾ ದಿನ, ಸೊನ್ನೆ.

ನನ್ನಂಥ ಅನುಮಾನದ ಪ್ರಾಣಿ ಕೂಡ ಒಳ್ಳೆಯ ಸುದ್ದಿ ಬಂದಾಗ ಪರೀಕ್ಷೆ ಮಾಡುವುದಿಲ್ಲ. ಅಕ್ಕನಿಗೆ ಫೋನ್ ಹಚ್ಚಿದೆ.

"ಅಕ್ಕಾ, ಆ ದಿನಗಳಲ್ಲಿ ಇಲ್ಲಿವರೆಗೆ ಒಂದು ಹನಿ ಮಳೆ ಬಿದ್ದಿಲ್ಲ! ಯಾವ ವರ್ಷವೂ ಇಲ್ಲ!"

"ಹೋದ ವರ್ಷದ್ದು ಹಾಳಾಗ್ಲಿ, ಹಂಗಾದ್ರೆ ನಿನ್ನ ಮದುವೆಲಿ ಚಪ್ಪರ ಸೋರಿದ್ದು ಎಂತರಿಂದ ಮಾರಾಯ? ಸಾರಿನ ಹಂಡೆ ಮೇಲೆ ಛತ್ರಿ ಹಿಡ್ಕೊಂಡು ನಿಂತಿದ್ದು ನಾನೇ ಅಲ್ವ? ಅದೂ ಇದೇ ದಿನಗಳಲ್ಲೇ" ಎಂದಳು.

ನನ್ನ ಮದುವೆಯ ದಿನ ಆ ದಾಖಲೆಯೊಳಗೇ ಇತ್ತು. ತೆರೆದು ನೋಡಿದೆ. ಆಗ ಗೊತ್ತಾಯಿತು: ಆ ಫೈಲಿನಲ್ಲಿ ಉತ್ತರ ಮೊದಲು, ದಕ್ಷಿಣ ಕೊನೆಗೆ. ಅಕ್ಷಾಂಶಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಇಳಿಸುತ್ತ ಬರೆದಿದ್ದಾರೆ. ನಾನು ಸಣ್ಣದರಿಂದ ದೊಡ್ಡದಕ್ಕೆ ಕೇಳಿದ್ದೆ. ಅಂಥ ತುಂಡು ಅಲ್ಲಿ ಇರಲೇ ಇಲ್ಲ, ಆದ್ದರಿಂದ ಅದು ಖಾಲಿ ತುಂಡನ್ನು ಕೊಟ್ಟಿತು. ತಪ್ಪು ಎನ್ನಲಿಲ್ಲ, ಗೊಣಗಲಿಲ್ಲ. ಖಾಲಿಯ ಮೊತ್ತ ಸೊನ್ನೆ ತಾನೆ? ಅಂಗಡಿಗೆ ಹೋಗಿ ತಪ್ಪು ಹೆಸರು ಹೇಳಿದರೆ ಅಂಗಡಿಯವ ಹಾಗೆಂದರೇನು ಎಂದಾದರೂ ಕೇಳುತ್ತಾನೆ. ಇದು ಖಾಲಿ ಚೀಲವನ್ನು ನೀಟಾಗಿ ಮಡಚಿ ಕೈಗಿಟ್ಟಿತ್ತು.

"ನಕ್ಷೆ ತಲೆಕೆಳಗಾಗಿತ್ತು ಅಕ್ಕಾ. ಈಗ ಮಗುಚಿ ಹಾಕಿದೀನಿ" ಎಂದು ಮತ್ತೆ ಫೋನ್ ಮಾಡಿದೆ.

"ಎಂತದನ್ನ ಮಗುಚಿದ್ದು?"

"ಇಡೀ ದೇಶಾನ."

"ಅಯ್ಯಾ ದೇವರೇ. ಜೋಪಾನ ಮಾರಾಯ" ಎಂದು ಇಟ್ಟಳು.

ಅಂದಿನಿಂದ ಉತ್ತರ ದಕ್ಷಿಣದ ಭಯ ನನಗೆ ಹಿಡಿದುಬಿಟ್ಟಿತು. ಪ್ರತಿ ಸಲ ಪ್ರೋಗ್ರಾಂ ಓಡಿಸುವಾಗಲೂ ಮೊದಲ ಸಾಲಿನಲ್ಲಿ ಮಗುಚಿದೆಯೇ, ಎರಡನೆಯ ಸಾಲಿನಲ್ಲಿ ನಿಜವಾಗಿ ಮಗುಚಿದೆಯೇ, ಮೂರನೆಯದರಲ್ಲಿ ಎರಡು ಸಲ ಮಗುಚಿ ಮೊದಲಿನ ಹಾಗೇ ಆಗಿಲ್ಲವಷ್ಟೇ ಎಂದು ಪರೀಕ್ಷೆ ಇಟ್ಟೆ.

ಆದರೆ ಸರಿಯಾದ ತುಂಡು ಈಗ ಬರಲೇ ಒಲ್ಲದು. ಬೆಳಿಗ್ಗೆ ಕೇಳಿದರೆ ಊಟದ ಹೊತ್ತಿಗೂ ಮೊದಲ ವರ್ಷವೇ ಮುಗಿದಿಲ್ಲ. ತಪ್ಪು ನನ್ನದಲ್ಲ, ಅದೇ ಇನ್ನೂ ಸಂಕಟ. ಡಿಸ್ಕಿಗೆ ಬರೆದವರು ಒಂದು ಗಂಟೆಯ ಇಡೀ ದೇಶದ ಹಾಳೆಯನ್ನು ಒಂದೇ ಕಟ್ಟಾಗಿ ಒತ್ತಿ ಬಿಗಿದಿದ್ದರು. ಇಂಥ ಗಂಟೆಯಲ್ಲಿ ದೇಶದಲ್ಲೆಲ್ಲ ಎಷ್ಟು ಮಳೆ ಎಂದು ಕೇಳುವವರಿಗೆ ಅದು ಹೂ ಎತ್ತಿದಷ್ಟು ಸುಲಭ. ನಾನು ಕೇಳುತ್ತಿದ್ದದ್ದು ಒಂದೇ ಜಾಗದ ಎಲ್ಲಾ ಗಂಟೆ. ಅಕ್ಕನ ಲೆಕ್ಕದಲ್ಲಿ ಹೇಳುವುದಾದರೆ, ಪೇರಿಸಿಟ್ಟ ಹಪ್ಪಳದ ರಾಶಿಯಿಂದ ಒಂದೊಂದನ್ನೇ ಇಳಿಸಿ, ಪ್ರತಿಯೊಂದರ ಅದೇ ಮೂಲೆಯಿಂದ ಒಂದು ಜೀರಿಗೆಕಾಳು ಹೆಕ್ಕಿ, ಹಪ್ಪಳವನ್ನು ಪಕ್ಕಕ್ಕಿಟ್ಟು, ಮುಂದಿನದನ್ನು ಎತ್ತಿಕೊಳ್ಳುವುದು. ನಾನೇನು ಮಾಡಬಹುದಿತ್ತು? ಒಂದು ಸಲ ಎಲ್ಲವನ್ನೂ ಹಾಗೆಯೇ ಹೆಕ್ಕಿ, ಹೆಕ್ಕಿದ ಕಾಳುಗಳನ್ನು ಬೇರೆ ಸಣ್ಣ ಫೈಲಿನಲ್ಲಿ ಉದ್ದಕ್ಕೆ ಜೋಡಿಸಿಟ್ಟುಕೊಳ್ಳಬಹುದಿತ್ತು. ಅದನ್ನೇ ಮಾಡಿದೆ. ಹಾಗೆ ಹೆಕ್ಕುವುದು ವಾರದ ಬಹುಪಾಲು ನುಂಗಿತು. ಲ್ಯಾಪ್‌ಟಾಪು ಕಾಯುತ್ತದೆಂದು ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ, ನಾನು ಹಳೆಯ ಕ್ಯಾಲೆಂಡರಿನಿಂದ ಗಾಳಿ ಬೀಸಿಕೊಳ್ಳುತ್ತ ಪಕ್ಕದಲ್ಲಿ ಕೂತೆ.

"ನಂಗೆ ಜ್ವರ ಬಂದಾಗ ಈ ಫ್ಯಾನು ಮನೇಲಿತ್ತಾ?" ಎಂದಳು ಹೆಂಡತಿ.

ನಡುವೆ ಅಕ್ಕನ ಫೋನು. "ಆತಾ?"

"ಓಡ್ತಾ ಇದೆ ಅಕ್ಕಾ."

"ಕಾಯಿನೂ ಓಡ್ತಾ ಇದೆ. ಒಂದು ಮರದ್ದು ಘಮ ಅಂತಿದೆ ಈಗಲೇ."

ಕೊನೆಗೆ ಮುಗಿಯಿತು. ಕರೆಂಟು ಹೋಗಿ ಬಂತು, ಇನ್ವರ್ಟರು ತಡೆದುಕೊಂಡಿತು, ಡಿಸ್ಕ್ ಬದುಕಿತ್ತು. ಸಣ್ಣ ಫೈಲು ತೆರೆದರೆ ನಮ್ಮೂರಿನ ಬೇಸಿಗೆಯೆಲ್ಲ ಒಂದೇ ಸಾಲಿನಲ್ಲಿ, ನನ್ನ ಮದುವೆಯ ಮಳೆಯೂ ಸರಿಯಾಗಿ ಮಧ್ಯಾಹ್ನದ ಮೇಲೆ, ಹುಡುಗಿಯ ಕಡೆಯವರು ಎಲೆ ಮುಂದೆ ಕೂತಿದ್ದ ಹೊತ್ತಿನಲ್ಲೇ. ಆ ಅಂಕಿಗಳನ್ನು ನಾನು ಬೇಕಾದ ಹಾಗೆ ಕತ್ತರಿಸಿದೆ. ದಿನದ ಪ್ರಕಾರ, ವಾರದ ಪ್ರಕಾರ, ಹೊತ್ತಿನ ಪ್ರಕಾರ. ಹೇಗೆ ಕತ್ತರಿಸಿದರೂ ಹೇಳಿದ್ದು ಒಂದೇ: ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಬಂದರೆ ಬಂತು. ಕೆಲವು ವರ್ಷ ಬಂದಿದೆ, ಕೆಲವು ವರ್ಷ ಇಲ್ಲ. ಇದನ್ನು ತಿಳಿಯಲು ಡಿಸ್ಕ್ ಬೇಕಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಒಂದು ವಾರ ಮಾತ್ರ ಉಳಿದವಕ್ಕಿಂತ ಕೂದಲೆಳೆಯಷ್ಟು ಒಣಗಿತ್ತು. ಅದು ನಿಜವೋ, ನನ್ನ ಆಸೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅದೂ ಅಲ್ಲದೆ ಆ ಚೌಕಗಳು ಎಷ್ಟು ದೊಡ್ಡವೆಂದರೆ ಕೊಪ್ಪ, ಶೃಂಗೇರಿ ಎರಡೂ ಒಂದರೊಳಗೇ ಬಿದ್ದಿದ್ದವು. ನರಸಿಂಹರಾಜಪುರ ಪಕ್ಕದ ಚೌಕದ ಅಂಚಿನಲ್ಲಿ ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಂತವರ ಹಾಗೆ ನಿಂತಿತ್ತು.

"ಈ ಸೋಮವಾರದಿಂದ ಮೂರು ದಿನ" ಎಂದೆ ಅಕ್ಕನಿಗೆ.

"ಗ್ಯಾರಂಟಿನಾ?"

"ಗ್ಯಾರಂಟಿ ಅಂತ ಹೇಳಕ್ಕೆ ಬರಲ್ಲ ಅಕ್ಕಾ, ಬಹುಪಾಲು ವರ್ಷಗಳಲ್ಲಿ..."

"ಆತು ಮಾರಾಯ. ಸೋಮವಾರ ನೀನೂ ಬಾ. ಮೇಲೆ ಕಾಯಕ್ಕೆ ಜನ ಬೇಕು."

ಸೋಮವಾರ ಮೊದಲ ಬಸ್ಸಿಗೇ ಹೋದೆ, ಲ್ಯಾಪ್‌ಟಾಪು ಡಿಸ್ಕ್ ಎರಡನ್ನೂ ಮಡಿಲಲ್ಲಿಟ್ಟುಕೊಂಡು. ಅವುಗಳಿಂದ ಅಲ್ಲಿ ಏನೂ ಉಪಯೋಗವಿರಲಿಲ್ಲ. ಬರಿಗೈಯಲ್ಲಿ ಹೋಗಲು ಧೈರ್ಯ ಬರಲಿಲ್ಲ, ಅಷ್ಟೆ. ಅಕ್ಕನ ಜಗಲಿಯಲ್ಲಿ ಆಗಲೇ ತೊಳೆ ಬೇಯಿಸಿ ರುಬ್ಬಿ, ಉಂಡೆ ಕಟ್ಟಿ, ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಯ ನಡುವೆ ಮಣೆಯಿಂದ ಒತ್ತುತ್ತಿದ್ದರು. ಮಂಡಿ ಚಾಚಿ ಕೂತಿದ್ದ ಭಾವ ಉಂಡೆಗಳನ್ನು ಒಂದೇ ಅಳತೆಗೆ ಮಾಡುತ್ತಿದ್ದರು. ಎದುರುಮನೆಯ ಅತ್ತೆ ನನ್ನನ್ನು ನೋಡಿ, "ಬಂದ್ರಾ ಮಳೆ ಅಣ್ಣ! ನೋಡಿ, ಗೋಡೆ ಮೇಲೆ ಇರುವೆ ಮೊಟ್ಟೆ ಹೊತ್ಕೊಂಡು ಹೊರಟಾವೆ. ಇವತ್ತು ಹೊಯ್ಯುತ್ತೆ" ಎಂದರು.

"ಸುಮ್ನಿರಿ ಅತ್ತೆ, ಅವ್ರು ಈಗಲೇ ಅರ್ಧ ಆಗಿದಾರೆ" ಎಂದಳು ಸೊಸೆ.

ಅವತ್ತು ಹೊಯ್ಯಲಿಲ್ಲ. ಇರುವೆಗಳಿಗೆ ಬೇರೆ ಏನೋ ಕೆಲಸವಿತ್ತು.

ಒತ್ತಿದ ಹಪ್ಪಳವನ್ನು ಟೆರೇಸಿನ ಮೇಲೆ ಹಳೆಯ ಸೀರೆ ಹಾಸಿ ಹರವುತ್ತಿದ್ದರು. ಅಲ್ಲಿ ನನಗೆ ಕೊಟ್ಟ ಕೆಲಸ ಎರಡು. ಕಾಗೆ, ಮಂಗ ಓಡಿಸುವುದು. ಮತ್ತು ಹೊತ್ತು ನೆತ್ತಿಗೆ ಬಂದಾಗ, ಹಪ್ಪಳದ ಅಂಚು ತುಸು ಎದ್ದದ್ದು ಕಂಡ ಕೂಡಲೇ, ಒಂದೊಂದನ್ನೂ ಸೀರೆಯಿಂದ ಬಿಡಿಸಿ ಮಗುಚಿ ಹಾಕುವುದು. ತಡ ಮಾಡಿದರೆ ಅಂಚು ಸುರುಟಿಕೊಂಡು ಬಟ್ಟಲಿನ ಹಾಗಾಗುತ್ತದೆ, ಪೇರಿಸಿ ಕಟ್ಟಲು ಬರುವುದಿಲ್ಲ. ಮೊದಲ ದಿನ ಎಲ್ಲವನ್ನೂ ಮಗುಚಿದೆ. ಸಂಜೆ ಅಕ್ಕ ಮೇಲೆ ಬಂದು ಸುತ್ತ ನೋಡಿ ಏನೂ ಅನ್ನಲಿಲ್ಲ, ಅಂದರೆ ಚೆನ್ನಾಗಿತ್ತು.

ಎರಡನೆಯ ದಿನ ಹೊಸ ಹಪ್ಪಳ ಬಂತು. ಜಾಗ ಸಾಲದೆ ಸೊಸೆ ಒಂದು ಸೀರೆಯನ್ನು ನೀರಿನ ಟ್ಯಾಂಕಿನ ಆಚೆ ಹಾಸಿ ಹೋದಳು. ನಾನು ಈಚೆ ಕಡೆಯಿಂದ ಮಗುಚುತ್ತ ಬಂದೆ. ಆಗಲೇ ಕೊಪ್ಪದ ಕಡೆ ಆಕಾಶ ಕಪ್ಪಾಗತೊಡಗಿತ್ತು. ಹೆಂಡತಿಯ ಫೋನು: "ಇಲ್ಲಿ ದಪ್ಪ ದಪ್ಪ ಹನಿ ಶುರು. ಬಟ್ಟೆ ತೆಗೆದೆ. ಅಲ್ಲಿ?" ಇಲ್ಲಿ ಇನ್ನೂ ಬಿಸಿಲು. ಅದನ್ನು ಇಡುವುದರೊಳಗೆ ಅಂಗಡಿಯವರದ್ದು. ಅಕ್ಕನ ಫೋನು ನನ್ನ ಕೈಯಲ್ಲೇ ಇತ್ತು.

"ಅಕ್ಕ ಇಲ್ವಾ? ಶೃಂಗೇರಿಲಿ ಧಾರಾಕಾರ ಹೊಯ್ತಾ ಇದೆ ಮಾರಾಯ್ರೆ. ನಿಮ್ಮ ಕಡೆ ಹೆಂಗೆ? ಈ ಸಲನೂ ಹೋತಾ ಹಪ್ಪಳ?"

"ಇಲ್ಲ, ಇಲ್ಲಿ ಬಿಸಿಲಿದೆ" ಎಂದೆ. ನನ್ನ ದನಿ ನನಗೇ ನಂಬಿಕೆ ಹುಟ್ಟಿಸಲಿಲ್ಲ.

ಆಗ ನಾನು ಮಾಡಿದ್ದೇನೆಂದರೆ, ಟ್ಯಾಂಕಿನ ನೆರಳಿಗೆ ಹೋಗಿ ಕೂತು ಲ್ಯಾಪ್‌ಟಾಪು ತೆರೆದದ್ದು. ಪಕ್ಕದ ಚೌಕದಲ್ಲಿ ಮಳೆ ಶುರುವಾದ ಮೇಲೆ ಈ ಚೌಕಕ್ಕೆ ಎಷ್ಟು ಹೊತ್ತಿಗೆ ಬಂದಿದೆ ಎಂದು ಹಿಂದಿನ ವರ್ಷಗಳಿಂದ ಕತ್ತರಿಸಿ ನೋಡತೊಡಗಿದೆ. ಕೆಲವು ವರ್ಷ ಬೇಗ ಬಂದಿತ್ತು, ಕೆಲವು ವರ್ಷ ಬಂದೇ ಇರಲಿಲ್ಲ. ಉತ್ತರ ದಕ್ಷಿಣ ಸರಿಯಾಗಿ ಮಗುಚಿದೆಯೇ ಎಂದು ಮತ್ತೊಮ್ಮೆ ಪರೀಕ್ಷಿಸಿದೆ. ಸರಿಯಾಗಿತ್ತು. ತಲೆ ಎತ್ತಿ ಮೋಡ ನೋಡುವುದು, ತಗ್ಗಿಸಿ ಅಂಕಿ ನೋಡುವುದು. ಎರಡರಲ್ಲಿ ಯಾವುದೂ ನನ್ನ ಮಾತು ಕೇಳುವಂತಿರಲಿಲ್ಲ. ಕೆಳಗಿನಿಂದ ಅಕ್ಕ, "ಗುಡುಗ್ತಾ ಇದೆ, ತೆಗೀಬೇಕನಾ?" ಎಂದು ಕೂಗಿದಳು. ತೆಗೆದರೆ ಹಸಿ ಹಪ್ಪಳ ಒಂದಕ್ಕೊಂದು ಅಂಟಿ ಹಾಳು, ತೆಗೆಯದೆ ಮಳೆ ಬಂದರೆ ಎಲ್ಲ ಹಾಳು. "ಇರಲಿ, ಇರಲಿ, ನೋಡಣ" ಎಂದು ಕೂಗಿದೆ. ಅದು ಲೆಕ್ಕ ಮಾಡಿ ಹೇಳಿದ್ದಲ್ಲ. ಬಾಯಿಗೆ ಬೇರೇನೂ ಬರಲಿಲ್ಲ.

ಮೋಡ ಅಲ್ಲೇ ನಿಂತು, ಬೇರೆ ಏನೋ ನೆನಪಾದವರ ಹಾಗೆ ಪಕ್ಕಕ್ಕೆ ಸರಿದು ಹೋಯಿತು. ಬಿಸಿಲು ಮತ್ತೂ ಚುರುಕಾಯಿತು. ಮೂರನೆಯ ದಿನವೂ ಮಳೆ ಬರಲಿಲ್ಲ. ಹಪ್ಪಳ ಗರಿಗರಿ ಒಣಗಿತು. ಕಟ್ಟು ಶೃಂಗೇರಿಗೆ ಹೋಯಿತು, ಅದರ ಮೇಲೆ ಯಾರೂ ಏನನ್ನೂ ಇಡಲಿಲ್ಲ. ಅಂಗಡಿಯವರು ಒಂದನ್ನು ಮುರಿದು ನೋಡಿ, "ಮುಂದಿನ ವರ್ಷಕ್ಕೂ ನೀವೇ ಕೊಡಿ ಅಕ್ಕಾ" ಎಂದರಂತೆ. ಎದುರುಮನೆಯ ಅತ್ತೆ ಸೊಸೆ ತೋಟಕ್ಕೆ ಮರಳಿದರು. ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ.

ಆದದ್ದು ಟ್ಯಾಂಕಿನ ಆಚೆಯ ಸೀರೆ. ಎರಡನೆಯ ದಿನ ಸಂಜೆ ಅಕ್ಕ ಅಲ್ಲಿ ಹೋಗಿ ನಿಂತಳು, ನಾನೂ ಅವಳ ಹಿಂದೆ ಹೋಗಿ ನಿಂತೆ. ಅದರ ಮೇಲಿನ ಹಪ್ಪಳಗಳೆಲ್ಲ ಅಂಗೈಯಲ್ಲಿ ತೀರ್ಥ ತೆಗೆದುಕೊಳ್ಳುವವರ ಹಾಗೆ ಬಟ್ಟಲಾಗಿ ಮೇಲೆ ನೋಡುತ್ತ ಕೂತಿದ್ದವು.

"ದೇಶಾನೇ ಮಗುಚಿದವನಿಗೆ," ಎಂದಳು ಅಕ್ಕ, "ಒಂದು ಹಪ್ಪಳ ಮಗುಚಕ್ಕೆ ಆಗ್ಲಿಲ್ವನಾ ಮಾರಾಯ?"